ಪದವಿನ ಹಳೆ ಮದ್ದಿನ ಶೆಡ್ ತೆಗೆಯುತ್ತಾರಂತೆ, ಗಾಳಿ ನೋಡುವವರು ಯಾರು?

ಪದವಿನ ಕೆಳಗಿನ ಮನೆ
ಅಕ್ಟೋಬರ್ 12, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮ ಮನೆ. ಮನೆಯ ಮೇಲೆ ಪದವು, ಅಂದರೆ ಗುಡ್ಡದ ತಲೆಯ ಕಲ್ಲುಬಯಲು. ಅಲ್ಲಿ ಒಂದು ಹಳೆ ಶೆಡ್ ಉಂಟು. ಹಿಂದೆ ಅಲ್ಲಿಗೆ ಎಂಡೋಸಲ್ಫಾನ್ ಕೀಟನಾಶಕ ಬ್ಯಾರಲ್‌ನಲ್ಲಿ ಬರುತ್ತಿತ್ತು. ಅದನ್ನು ಸಣ್ಣ ಡಬ್ಬಿಗಳಿಗೆ ತುಂಬಿಸಿ ಕಳಿಸುತ್ತಿದ್ದರು. ಬಾಗಿಲು ಹಾಕಿ ಇಪ್ಪತ್ತು ವರ್ಷ ದಾಟಿದೆ. ಯಾರದ್ದು ಅಂತ ಇಲ್ಲಿ ಬರೆಯುವುದಿಲ್ಲ, ಅದು ಬೇರೆ ಜಗಳ.

ಶೆಡ್ಡಿನ ಹಿಂದೆ ಒಂದು ಗುಂಡಿ. ಒಡೆದ ಡಬ್ಬಿ, ತೊಳೆದ ನೀರು ಎಲ್ಲ ಅಲ್ಲಿಗೇ ಹೋಗುತ್ತಿತ್ತು. ಈಗಲೂ ಮೊದಲ ಮಳೆ ಬಿದ್ದ ದಿನ ಅಲ್ಲಿಂದ ಒಂದು ವಾಸನೆ ಬರುತ್ತದೆ. ಪೈಂಟಿನ ಡಬ್ಬಿ ತೆರೆದ ಹಾಗೆ, ಅದರ ಹಿಂದೆ ಸ್ವಲ್ಪ ಕಹಿ. ಅಮ್ಮ ಆ ದಿನ ಕಿಟಕಿ ಹಾಕಿ ಕೂರುತ್ತಾರೆ.

ಈಗ ಮಳೆ ಬಿಟ್ಟ ಮೇಲೆ ಶೆಡ್ ಒಡೆದು, ಮಣ್ಣು ತೆಗೆದು ಸಾಗಿಸುತ್ತಾರಂತೆ. ಕಂಟ್ರಾಕ್ಟರ್ ಬಂದು ನೋಡಿ ಹೋದ. ಖುಷಿ ಆಗಬೇಕಿತ್ತು. ಆದರೆ ನನಗೆ ಭಯ. ಇಷ್ಟು ವರ್ಷ ಮಣ್ಣಿನೊಳಗೆ ಮಲಗಿದ್ದು ಜೆಸಿಬಿ ಹಾಕಿದ ದಿನ ಎದ್ದು ಗಾಳಿಗೆ ಬರುವುದಿಲ್ವಾ? ನವೆಂಬರಿನಿಂದ ನಮ್ಮ ಅಂಗಳದಲ್ಲಿ ಅಡಿಕೆ ಹರಡಿರುತ್ತದೆ. ಪದವಿನ ಆಚೆ ಬದಿಯಲ್ಲಿ ಶಾಲೆ. ನಾವು ಏನು ಕೇಳಬೇಕು? ಗೊತ್ತಿದ್ದವರು ಹೇಳಿ.

ಮುರಕಲ್ಲು
ಅಕ್ಟೋಬರ್ 12, ರಾತ್ರಿ 10.15

ನಾನು ನೇರ ಹೇಳುತ್ತೇನೆ. ಮುಟ್ಟಬೇಡಿ. ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಮಣ್ಣು ಹಾಕಿ, ಬೇಲಿ ಕಟ್ಟಿ ಬಿಡಿ. ಅಗೆದರೆ ಗಾಳಿಗೆ ಬರುತ್ತದೆ, ಲಾರಿಗೆ ಹಾಕಿದರೆ ದಾರಿಯುದ್ದಕ್ಕೂ ಚೆಲ್ಲುತ್ತದೆ. ಸುಮ್ನೆ ಇದ್ದದ್ದನ್ನು ಯಾಕೆ ಕೆದಕುವುದು?

ಸ್ವರ್ಗದ ಬಸ್ಸು
ಅಕ್ಟೋಬರ್ 13, ಬೆಳಿಗ್ಗೆ 6.30

ಮುರಕಲ್ಲು ಅವರೇ, ನಿಮ್ಮ ಹೆಸರಿನಲ್ಲೇ ಉತ್ತರ ಉಂಟು. ನಮ್ಮ ಊರಿನ ಮುರಕಲ್ಲಿನಲ್ಲಿ ಎಲ್ಲ ಕಡೆ ತೂತು. ಮೇಲೆ ಬಿದ್ದ ಮಳೆ ಅದರೊಳಗೆ ಇಳಿದು ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ಬಾಯಲ್ಲಿ ಬರುತ್ತದೆ. ಆ ನೀರನ್ನೇ ಅಲ್ವಾ ನಾವು ಕುಡಿಯುವುದು? ಮೇಲೆ ಪ್ಲಾಸ್ಟಿಕ್ ಹಾಸಿದರೂ ಬದಿಯಿಂದ ನೀರು ನುಗ್ಗುತ್ತದೆ. ಗಟ್ಟಿ ಜೇಡಿ ಮಣ್ಣಿನ ಊರಿನಲ್ಲಿ ಮುಚ್ಚಿ ಬಿಡುವುದು ಸರಿ ಇರಬಹುದು. ಪದವಿನ ತಲೆಯ ಮೇಲೆ ಅಲ್ಲ.

ನನಗೆ ಎಪ್ಪತ್ತು ದಾಟಿತು. ಪಡ್ರೆಯ ಕಡೆಯವನು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಇದೇ ಎಂಡೋಸಲ್ಫಾನ್ ಮದ್ದು ಬಿಡುತ್ತಿದ್ದ ಕಾಲ ಕಣ್ಣಾರೆ ನೋಡಿದ್ದೇನೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಬಿಟ್ಟರು. ಶಬ್ದ ಕೇಳಿದ ಕೂಡಲೇ ಅಕ್ಕ ಓಡಿ ಹೋಗಿ ಬಾವಿಗೆ ಸೋಗೆ ಮುಚ್ಚುತ್ತಿದ್ದಳು. ತೋಟ ಇದ್ದದ್ದು ಗುಡ್ಡದಲ್ಲಿ, ಮನೆಗಳು ಇದ್ದದ್ದು ಕಣಿವೆಯಲ್ಲಿ. ಮರದ ತಲೆಗೆ ಬಿಟ್ಟದ್ದು ಗಾಳಿಯಲ್ಲಿ ಇಳಿದು ನಮ್ಮ ಅಂಗಳಕ್ಕೆ ಬಂತು. ಜೇನು ಹೋಯಿತು, ತೋಡಿನ ಮೀನು ಹೋಯಿತು. ಕರುಗಳು ಕೈಕಾಲು ಊನವಾಗಿ ಹುಟ್ಟಿದ್ದನ್ನು ನಮ್ಮೂರಿನ ಪತ್ರಕರ್ತ ಶ್ರೀಪಡ್ರೆಯವರು ಎಷ್ಟೋ ಮೊದಲೇ ಬರೆದಿದ್ದರು. ವಾಣೀನಗರದ ಡಾಕ್ಟರ್ ಮೋಹನ ಕುಮಾರರು ರೋಗಿಗಳನ್ನು ನೋಡಿ ನೋಡಿ, ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಕಾಯಿಲೆ ಯಾಕೆ ಅಂತ ಕೇಳಿದರು. ಆದರೆ ಆ ಇಪ್ಪತ್ತು ವರ್ಷ ನಮ್ಮ ಅಂಗಳದ ಗಾಳಿಯನ್ನು ಒಬ್ಬನೂ ಅಳೆಯಲಿಲ್ಲ. ಆಮೇಲೆ ನಾವು ಕೇಳಲು ಹೋದಾಗ ಪುರಾವೆ ಎಲ್ಲಿ ಅಂದರು.

ಅದಕ್ಕೇ ಹೇಳುವುದು, ತೆಗೆಯಲಿ. ಆದರೆ ಅಳೆದು ತೆಗೆಯಲಿ.

ಮೀಟರ್ ಕೆಲಸದವ
ಅಕ್ಟೋಬರ್ 13, ಮಧ್ಯಾಹ್ನ 1.20

ನಾನು ಮಂಗಳೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಸುರಕ್ಷತೆಯ ವಿಭಾಗದಲ್ಲಿದ್ದೇನೆ. ಊರು ಕುಂಬಳೆ. ಗಾಳಿಯ ಮೀಟರ್ ಹಿಡಿಯುವುದೇ ನನ್ನ ದಿನದ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಮೊದಲು ಒಂದು ವಿಷಯ ತಲೆಯಲ್ಲಿಡಿ. ಅಲ್ಲಿರುವುದು ಎರಡು ಬಗೆಯ ವಸ್ತು. ಒಂದು ಮದ್ದು, ಇನ್ನೊಂದು ಅದನ್ನು ಕರಗಿಸಿದ ಸಾಲ್ವೆಂಟ್. ಎಂಡೋಸಲ್ಫಾನ್ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಶೇಕಡ 35ರ ದ್ರಾವಣ. ಉಳಿದದ್ದರಲ್ಲಿ ಜಾಸ್ತಿ ಪಾಲು ಸೈಲೀನ್ ತರಹದ ಸಾಲ್ವೆಂಟ್. ಪೈಂಟಿನ ವಾಸನೆ ಅಂದಿರಲ್ಲ, ಅದು ಇದರದ್ದು. ಸಾಲ್ವೆಂಟ್ ಆವಿಯಾಗಿ ಏಳುತ್ತದೆ. ಮದ್ದು ಅಷ್ಟು ಸುಲಭಕ್ಕೆ ಏಳುವುದಿಲ್ಲ, ಅದು ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ. ಧೂಳು ಹಾರಿದರೆ ಅದೂ ಹಾರುತ್ತದೆ.

ಹಾಗಾಗಿ ಮೂರು ಬಗೆಯ ಅಳತೆ ಬೇಕು. ಆವಿಗೆ ಪಿಐಡಿ ಅನ್ನುವ ಮೀಟರ್, ಕೈಯಲ್ಲಿ ಹಿಡಿದರೆ ಆ ಕ್ಷಣವೇ ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಆವಿ ಎಷ್ಟು ಪಾಲು ಅಂತ ತೋರಿಸುತ್ತದೆ. ಧೂಳಿಗೆ ಪಿಎಂ 10 (ಉಸಿರಿನೊಳಗೆ ಹೋಗುವಷ್ಟು ಸಣ್ಣ ಧೂಳು) ಮೀಟರ್, ಅದೂ ಆಗಲೇ ತೋರಿಸುತ್ತದೆ. ಆದರೆ ಇವೆರಡೂ ಮದ್ದನ್ನು ಕಾಣುವುದಿಲ್ಲ. ಇದನ್ನು ತುಂಬ ಜನ ತಪ್ಪು ತಿಳಿಯುತ್ತಾರೆ. ಪಿಐಡಿ ಸೊನ್ನೆ ತೋರಿಸಿತು, ವಿಷ ಇಲ್ಲ ಅಂತ ಕಂಟ್ರಾಕ್ಟರ್ ಹೇಳಿದರೆ ಒಪ್ಪಬೇಡಿ. ಮದ್ದು ಗೊತ್ತಾಗಬೇಕಾದರೆ ಪಂಪ್ ಇಟ್ಟು ಗಂಟೆಗಟ್ಟಲೆ ಗಾಳಿ ಎಳೆದು, ಫಿಲ್ಟರ್ ಮತ್ತು ಫೋಮಿನಲ್ಲಿ ಹಿಡಿದು ಲ್ಯಾಬಿಗೆ ಕಳಿಸಬೇಕು. ಉತ್ತರ ಬರಲು ದಿನಗಳು ಬೇಕು. ಅಷ್ಟರವರೆಗೆ ಧೂಳಿನ ಮೀಟರೇ ನಮ್ಮ ಕಾವಲುಗಾರ.

ಲ್ಯಾಬಿಗೆ ಕೊಡುವಾಗ ಎಂಡೋಸಲ್ಫಾನಿನ ಎರಡು ರೂಪಗಳಾದ ಆಲ್ಫಾ, ಬೀಟಾ, ಜೊತೆಗೆ ಎಂಡೋಸಲ್ಫಾನ್ ಸಲ್ಫೇಟ್ ಮೂರನ್ನೂ ನೋಡಲು ಬರೆದು ಕೊಡಿ. ಮಣ್ಣಿನಲ್ಲಿ ವರ್ಷ ಕಳೆದಂತೆ ಮೊದಲ ಎರಡು ಕಡಿಮೆಯಾಗಿ ಸಲ್ಫೇಟ್ ಆಗಿ ಉಳಿಯುತ್ತದೆ. ಅದರ ವಿಷ ಮೂಲ ಮದ್ದಿಗಿಂತ ಕಡಿಮೆ ಏನಲ್ಲ. ಅದನ್ನು ಹುಡುಕದಿದ್ದರೆ ಇಪ್ಪತ್ತು ವರ್ಷ ಹಳೆಯ ಮಣ್ಣು ಚೊಕ್ಕ ಅಂತ ಬರಬಹುದು. ಶೆಡ್ಡಿನಲ್ಲಿ ಬೇರೆ ಮದ್ದು ಏನೇನು ಇತ್ತು ಅಂತಲೂ ವಿಚಾರಿಸಿ.

ಈಗ ಮುಖ್ಯ ಮಾತು. ಮೀಟರ್ ಇಟ್ಟರೆ ಸಾಲದು. ಯಾವ ಅಂಕೆಗೆ ಕೆಲಸ ನಿಲ್ಲಿಸುತ್ತಾರೆ ಅಂತ ಮೊದಲೇ ಬರೆದಿರಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥ ಜಾಗಗಳಿಗೆ ಒಂದು ಕ್ರಮ ಉಂಟು. ಗಾಳಿ ಬರುವ ಬದಿಯಲ್ಲಿ ಒಂದು ಮೀಟರ್, ಹೋಗುವ ಬದಿಯಲ್ಲಿ ಒಂದು. ಹೋಗುವ ಬದಿಯ ಧೂಳು ಬರುವ ಬದಿಗಿಂತ ಘನ ಮೀಟರಿಗೆ 100 ಮೈಕ್ರೋಗ್ರಾಂ ಜಾಸ್ತಿಯಾಗಿ 15 ನಿಮಿಷ ನಿಂತರೆ ನೀರು ಚಿಮುಕಿಸಿ ಧೂಳು ಇಳಿಸಬೇಕು. ಆಮೇಲೂ ಆ ವ್ಯತ್ಯಾಸ 150ರ ಮೇಲೆ ಹೋದರೆ ಕೆಲಸ ನಿಲ್ಲಬೇಕು. ಆವಿ 5 ಪಿಪಿಎಂ ಜಾಸ್ತಿಯಾದರೆ ನಿಲ್ಲಿಸಿ ಕಾರಣ ಹುಡುಕಬೇಕು. 25 ದಾಟಿದರೆ ಪೂರ್ತಿ ಬಂದ್. ನಮ್ಮಲ್ಲಿ ಪಿಎಂ 10ಕ್ಕೆ ಇಡೀ ದಿನದ ಸರಾಸರಿ 100 ಅನ್ನುವ ಮಿತಿ ಉಂಟು. ಆದರೆ ದಿನದ ಸರಾಸರಿ ಅಂದರೆ ಅಗೆದ ಎರಡು ಗಂಟೆಯ ಧೂಳು ರಾತ್ರಿಯ ಚೊಕ್ಕ ಗಾಳಿಯೊಳಗೆ ಮುಳುಗಿ ಹೋಗುತ್ತದೆ. ಅದಕ್ಕೆ 15 ನಿಮಿಷದ ಲೆಕ್ಕವನ್ನೇ ಕೇಳಿ.

ಹೊಸೂರು ಕಡೆಯವ
ಅಕ್ಟೋಬರ್ 13, ಸಂಜೆ 7.05

ನಾನು ತಮಿಳುನಾಡಿನ ಹೊಸೂರಿನವನು, ಮನೆ ಮಾತು ಕನ್ನಡ. ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕೆಲಸ ಶುರುವಾಗುವ ಮೊದಲಿನ ಅಳತೆ ತೆಗೆದುಕೊಳ್ಳಿ. ನಮಗೆ ಪೆಟ್ಟು ಬಿದ್ದದ್ದು ಅಲ್ಲೇ.

ನಮ್ಮ ಬೀದಿಯ ಹಿಂದೆ ಒಂದು ಮುಚ್ಚಿದ ಕಾರ್ಖಾನೆಯ ನೆಲ ಅಗೆದರು. ನಾಲ್ಕು ದಿನ ಎಲ್ಲರಿಗೂ ತಲೆನೋವು. ಒಣಗಿಸಿದ ಬಟ್ಟೆ ಕೊಡವಿದರೆ ಬೂದು ಪುಡಿ. ಐದನೇ ದಿನ ನಾವೇ ಹಣ ಹಾಕಿ ಒಬ್ಬರನ್ನು ಕರೆಸಿ ಮೀಟರ್ ಇಡಿಸಿದೆವು. ಅಂಕೆ ಜಾಸ್ತಿ ಬಂತು. ಅವರು ಏನಂದರು ಗೊತ್ತಾ? ಇದು ಹೈವೇ ಧೂಳು, ಮೊದಲೂ ಇಷ್ಟೇ ಇತ್ತು. ಮೊದಲು ಎಷ್ಟಿತ್ತು ಅಂತ ನಮ್ಮ ಹತ್ತಿರ ಕಾಗದ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಬಂದೆವು. ನನ್ನ ಚಿಕ್ಕ ಮಗಳಿಗೆ ಆಗ ಎರಡು ವರ್ಷ. ಆ ರಾತ್ರಿಗಳ ಕೆಮ್ಮು ಈಗಲೂ ಕಿವಿಯಲ್ಲಿದೆ.

ಮೂರನೇ ಬೆಂಚು
ಅಕ್ಟೋಬರ್ 14, ಬೆಳಿಗ್ಗೆ 8.10

ಪದವಿನ ಆಚೆಯ ಶಾಲೆ ಅಂದಿರಲ್ಲ, ನಾನು ಅಲ್ಲಿನ ಟೀಚರ್. ಓದಿ ಎದೆ ಹಾರಿತು. ನಮಗೆ ಯಾರೂ ಒಂದು ಮಾತು ಹೇಳಿಲ್ಲ. ಕೇಳಿ ನೋಡಿದೆ, ನೋಟೀಸು ಬಂದಿದೆಯಂತೆ, ಮಲಯಾಳದಲ್ಲಿ. ನಮ್ಮ ಮಕ್ಕಳ ಮನೆಗಳಲ್ಲಿ ತುಳು, ಕನ್ನಡ, ಹವ್ಯಕ, ಮರಾಟಿ ಮಾತಾಡುತ್ತಾರೆ. ಎಷ್ಟೋ ಅಜ್ಜ ಅಜ್ಜಿಯರಿಗೆ ಕನ್ನಡ ಅಕ್ಷರ ಮಾತ್ರ ಗೊತ್ತು. ಗಾಳಿಯ ಅಂಕೆ ಅವರಿಗೆ ಓದಲು ಬರದ ಭಾಷೆಯಲ್ಲಿ ಬೋರ್ಡಿನಲ್ಲಿದ್ದರೆ ಅದು ಯಾರಿಗೆ?

ನನ್ನದು ಒಂದು ಪ್ರಶ್ನೆ. ಮೀಟರ್ ಎಲ್ಲಿಡುವುದು ಅಂತ ಹೇಗೆ ಗೊತ್ತಾಗುತ್ತದೆ? ಇಲ್ಲಿ ಗಾಳಿ ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ.

ಮೀಟರ್ ಕೆಲಸದವ
ಅಕ್ಟೋಬರ್ 14, ಬೆಳಿಗ್ಗೆ 8.45

ಟೀಚರ್, ಇದಕ್ಕಿಂತ ಒಳ್ಳೆ ಪ್ರಶ್ನೆ ಇಲ್ಲ. ಮಳೆ ಬಿಟ್ಟ ಮೇಲೆ ನಮ್ಮ ಕಡೆ ಹಗಲು ಹೊತ್ತೇರಿದಂತೆ ಕಡಲ ಗಾಳಿ ಬೀಸುತ್ತದೆ, ಪಡುವಣದಿಂದ. ರಾತ್ರಿ ಮತ್ತು ಮುಂಜಾನೆ ಘಟ್ಟದ ಕಡೆಯಿಂದ, ಮೂಡಣದಿಂದ. ಪ್ರಶ್ನೆ ಕೇಳಿದವರ ಮನೆ ಪದವಿನ ಪಡುವಣಕ್ಕೆ ಇದ್ದರೆ ಬೆಳಗಿನ ಕೆಲಸದ ಧೂಳು ಅವರಿಗೆ. ಶಾಲೆ ಮೂಡಣಕ್ಕೆ ಇದ್ದರೆ ಮಧ್ಯಾಹ್ನದ್ದು ನಿಮಗೆ. ಒಂದೇ ಕಡೆ ಮೀಟರ್ ನೆಟ್ಟು ಕೂತರೆ ಅರ್ಧ ದಿನ ಅದು ಒಳ್ಳೆ ಗಾಳಿಯನ್ನೇ ಅಳೆಯುತ್ತದೆ.

ನಿಮ್ಮ ಮಕ್ಕಳಿಂದ ಒಂದು ಕೆಲಸ ಮಾಡಿಸಬಹುದು. ಉದ್ದ ಬಿದಿರಿನ ತುದಿಗೆ ತೆಳ್ಳಗಿನ ಬಟ್ಟೆಯ ಪಟ್ಟಿ ಕಟ್ಟಿ. ದಿನಕ್ಕೆ ಮೂರು ಸಲ ಅದು ಯಾವ ಕಡೆ ಹಾರುತ್ತದೆ ಅಂತ ಪುಸ್ತಕದಲ್ಲಿ ಬರೆಸಿ. ಇಪ್ಪತ್ತು ದಿನದ ಪುಸ್ತಕ ಕೈಯಲ್ಲಿದ್ದರೆ ಯಾವ ಇಂಜಿನಿಯರೂ ತಳ್ಳಿಹಾಕಲು ಆಗುವುದಿಲ್ಲ.

ಇನ್ನೊಂದು. ಮುಂಜಾನೆ ಮಂಜು ಇದ್ದರೆ ಧೂಳಿನ ಮೀಟರ್ ನೀರಿನ ಹನಿಯನ್ನೂ ಧೂಳು ಅಂತ ಎಣಿಸುತ್ತದೆ. ಅಂಕೆ ಏರಿದ ಕೂಡಲೇ ಗಾಬರಿ ಬೇಡ, ಎರಡೂ ಬದಿಯ ಮೀಟರ್ ಒಟ್ಟಿಗೆ ನೋಡಿ. ಎರಡೂ ಏರಿದ್ದರೆ ಮಂಜು. ಒಂದೇ ಏರಿದ್ದರೆ ಜೆಸಿಬಿ.

ಲೋಡಿಂಗ್ ಕೆಲಸ
ಅಕ್ಟೋಬರ್ 14, ರಾತ್ರಿ 9.00

ಎಲ್ಲರೂ ಮನೆ, ಶಾಲೆ ಅಂದಿರಿ. ಗುಂಡಿಗೆ ಇಳಿಯುವವನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಇಂಥದ್ದೇ ಒಂದು ಜಾಗದಲ್ಲಿ ಹಿಂದೆ ಹನ್ನೊಂದು ದಿನ ಮಣ್ಣು ತುಂಬಿದ್ದೇನೆ. ಬಟ್ಟೆಯ ಮಾಸ್ಕ್ ಕೊಟ್ಟಿದ್ದರು. ಮೂರನೇ ದಿನ ಮಾಸ್ಕಿನ ಒಳಗೇ ವಾಸನೆ. ಸಂಜೆ ಅದೇ ಅಂಗಿಯಲ್ಲಿ ಮನೆಗೆ ಬಂದು ಮಗುವನ್ನು ಎತ್ತಿದೆ. ಆಗ ಗೊತ್ತಿರಲಿಲ್ಲ. ಈಗ ನೆನೆದರೆ ಕೈ ನಡುಗುತ್ತದೆ.

ಮೀಟರ್ ಕೆಲಸದವ
ಅಕ್ಟೋಬರ್ 14, ರಾತ್ರಿ 9.25

ಅಣ್ಣಾ, ಮೊದಲೇ ಬರೆಯಬೇಕಿತ್ತು, ನನ್ನ ತಪ್ಪು. ಎಲ್ಲರಿಗಿಂತ ಜಾಸ್ತಿ ತಾಗುವುದು ಕೆಲಸದವರಿಗೇ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಧೂಳಿನ ಫಿಲ್ಟರ್ ಮತ್ತು ಆವಿ ಹೀರುವ ಕಾರ್ಟ್ರಿಜ್ ಎರಡೂ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು. ವಾಸನೆ ಬರಲು ಶುರುವಾದರೆ ಕಾರ್ಟ್ರಿಜ್ ಮುಗಿದಿದೆ, ಇಲ್ಲವೇ ಮಾಸ್ಕ್ ಸರಿ ಕೂತಿಲ್ಲ ಅಂತ ಅರ್ಥ. ಈ ಮದ್ದು ಚರ್ಮದಿಂದಲೂ ಒಳಗೆ ಹೋಗುತ್ತದೆ, ಹಾಗಾಗಿ ಗ್ಲೌಸ್, ಬೂಟು, ಮೈಮುಚ್ಚುವ ಉಡುಪು. ಅಲ್ಲೇ ಸ್ನಾನ, ಅಲ್ಲೇ ಬಟ್ಟೆ ಬದಲು. ಕೆಲಸದ ಅಂಗಿ ಮನೆಗೆ ಬರಲೇಬಾರದು. ಗುಂಡಿಯ ಅಂಚಿನಲ್ಲಿ, ಅವರ ಮುಖದ ಎತ್ತರದಲ್ಲಿ ಒಂದು ಪಿಐಡಿ.

ಮುರಕಲ್ಲು
ಅಕ್ಟೋಬರ್ 15, ಬೆಳಿಗ್ಗೆ 7.00

ಸುರಂಗದ ಮಾತು ಕೇಳಿ ರಾತ್ರಿ ಯೋಚನೆ ಮಾಡಿದೆ. ಹಾಗೆ ಬಿಡುವುದು ಸರಿ ಅಲ್ಲ ಅಂತ ಒಪ್ಪುತ್ತೇನೆ. ಆದರೆ ಧೂಳಿಗೆ ನೀರು ಚಿಮುಕಿಸಿ ಅಂದಿರಲ್ಲ, ಆ ನೀರು ಎಲ್ಲಿಗೆ ಹೋಗುತ್ತದೆ? ಅದೇ ತೂತಿನ ಕಲ್ಲಿಗೆ. ಮದ್ದು ಹಿಡಿದುಕೊಂಡು ಕೆಳಗೆ ಇಳಿಯುವುದಿಲ್ವಾ?

ಮೀಟರ್ ಕೆಲಸದವ
ಅಕ್ಟೋಬರ್ 15, ಬೆಳಿಗ್ಗೆ 7.40

ನೂರಕ್ಕೆ ನೂರು ಸರಿ. ಪೈಪಿನಲ್ಲಿ ಹುಯ್ಯಬಾರದು. ಮಂಜಿನ ಹಾಗೆ ಸಿಡಿಸುವ ನಾಝಲ್ ಬೇಕು, ಮಣ್ಣಿನ ಮೇಲ್ಮೈ ಒದ್ದೆಯಾಗುವಷ್ಟು ಮಾತ್ರ. ಅದಕ್ಕಿಂತ ಒಳ್ಳೆಯದು, ಒಂದೇ ಸಲ ಇಡೀ ಗುಂಡಿ ತೆರೆಯದೆ ಸ್ವಲ್ಪ ಸ್ವಲ್ಪ ತೆರೆದು, ತೆಗೆದು, ಟಾರ್ಪಾಲು ಮುಚ್ಚಿ ಮುಂದೆ ಹೋಗುವುದು. ಸುರಂಗದ ನೀರನ್ನೂ ಮೊದಲೇ ಒಮ್ಮೆ, ಆಮೇಲೆ ಮಳೆಗಾಲ ಶುರುವಾದಾಗ ಒಮ್ಮೆ ಪರೀಕ್ಷೆ ಮಾಡಿಸಿ.

ಮಣ್ಣು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ. ಅಪಾಯಕಾರಿ ತ್ಯಾಜ್ಯದ ಲಾರಿ ಜೊತೆ ಏಳು ಪ್ರತಿಯ ಬಣ್ಣದ ಕಾಗದ ಹೋಗಬೇಕು, 2016ರ ನಿಯಮ. ತಲುಪಿದ ಜಾಗದಿಂದ ಸಹಿಯಾಗಿ ವಾಪಸ್ ಬರುವ ಪ್ರತಿ ಉಂಟಲ್ಲ, ಅದನ್ನು ತೋರಿಸಲು ಹೇಳಿ. ಇಲ್ಲದಿದ್ದರೆ ನಮ್ಮ ಗುಂಡಿ ಖಾಲಿಯಾಗಿ ಇನ್ನೊಬ್ಬರ ಗುಂಡಿ ತುಂಬುತ್ತದೆ. ಭೋಪಾಲದ ಯೂನಿಯನ್ ಕಾರ್ಬೈಡಿನಿಂದ 337 ಟನ್ ತ್ಯಾಜ್ಯ 2025ರ ಜನವರಿಯಲ್ಲಿ ಪೀಥಂಪುರಕ್ಕೆ ಹೋದಾಗ ಅಲ್ಲಿನ ಜನ ಬೀದಿಗೆ ಇಳಿದದ್ದು ನೆನಪಿರಬಹುದು. ಆಮೇಲೆ ಕೋರ್ಟು ನೋಡುತ್ತಿದ್ದ ಹಾಗೆ ಮೊದಲು 10 ಟನ್‌ನಂತೆ ಮೂರು ಸಲ ಪರೀಕ್ಷೆಗೆ ಸುಟ್ಟು, ಚಿಮಣಿಯ ಗಾಳಿ ಅಳೆದು, ಆಮೇಲೆ ಉಳಿದದ್ದನ್ನು ಸುಟ್ಟರು. ಜನ ಕೇಳಿದ್ದಕ್ಕೆ ಅಷ್ಟಾದರೂ ಆಯಿತು.

ಸ್ವರ್ಗದ ಬಸ್ಸು
ಅಕ್ಟೋಬರ್ 15, ಸಂಜೆ 5.30

ಸ್ಯಾಂಪಲ್ ವಿಷಯಕ್ಕೆ ನನ್ನದೊಂದು ಮಾತು. 2001ರಲ್ಲಿ ದೆಹಲಿಯ ಸಿಎಸ್‌ಇ ಅನ್ನುವ ಪರಿಸರ ಸಂಸ್ಥೆ ನಮ್ಮ ಪಡ್ರೆಯ ನೀರು, ಮಣ್ಣು, ರಕ್ತ ಪರೀಕ್ಷೆ ಮಾಡಿ ಎಂಡೋಸಲ್ಫಾನ್ ಉಂಟು ಅಂದಿತು. ಬೆನ್ನಿಗೇ ಬೇರೊಂದು ಲ್ಯಾಬಿನ ವರದಿ ಇಲ್ಲ ಅಂದಿತು. ಆಮೇಲೆ ಸಮಿತಿ ಮೇಲೆ ಸಮಿತಿ. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಲು 2011 ಬಂತು. ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಅನ್ನಲು 2017. ಆ ಹಣ ಕೈಗೆ ಬರುವ ಮೊದಲೇ ಕಣ್ಣು ಮುಚ್ಚಿದ ಮಕ್ಕಳನ್ನು ನಾನು ಹೆಗಲ ಮೇಲೆ ಹೊತ್ತಿದ್ದೇನೆ.

ಅದಕ್ಕೆ ಒಂದೇ ಸ್ಯಾಂಪಲನ್ನು ಎರಡು ಪಾಲು ಮಾಡಿ, ನಿಮ್ಮ ಎದುರಿಗೇ ಸೀಲು ಹಾಕಿಸಿ, ಎರಡು ಲ್ಯಾಬಿಗೆ ಕಳಿಸಿ. ಸೀಲಿನ ಮೇಲೆ ಊರಿನವರ ಸಹಿ ಇರಲಿ.

ಪದವಿನ ಕೆಳಗಿನ ಮನೆ
ನವೆಂಬರ್ 9, ರಾತ್ರಿ 8.50

ಇಷ್ಟು ದಿನ ಬರೆಯಲು ಆಗಲಿಲ್ಲ, ಓಡಾಟ. ಗ್ರಾಮಸಭೆಯಲ್ಲಿ ನಿಮ್ಮ ಮಾತುಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು ಓದಿದೆ. ಕಲುಷಿತ ಜಾಗಗಳಿಗೆ 2025ರಲ್ಲಿ ಕೇಂದ್ರ ಸರಕಾರ ಬೇರೆಯೇ ನಿಯಮ ತಂದಿದೆ ಅಂತ ಅಲ್ಲಿ ಒಬ್ಬ ವಕೀಲರು ಎದ್ದು ಹೇಳಿದರು. ಸಂಶಯ ಇರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕಂತೆ. ನಮ್ಮ ಶೆಡ್ಡನ್ನೂ ಅದಕ್ಕೆ ಸೇರಿಸಲು ಅರ್ಜಿ ಕೊಟ್ಟೆವು.

ಮೊದಲು ಕಂಟ್ರಾಕ್ಟರ್ ಒಂದೇ ಮೀಟರ್ ಇಡುತ್ತೇನೆ ಅಂದ, ಗೇಟಿನ ಹತ್ತಿರ. ಆಗ ಟೀಚರ್ ಎದ್ದು ಮಕ್ಕಳ ಗಾಳಿ ಪುಸ್ತಕ ತೆರೆದರು. ಕೋಳಿ ಕಾಲಿನ ಅಕ್ಷರ, ಒಂದೊಂದು ದಿನಕ್ಕೆ ಮೂರು ಬಾಣದ ಗುರುತು. ಒಂದು ಪುಟದಲ್ಲಿ ಮಳೆ ಹನಿ ಬಿದ್ದು ಶಾಯಿ ಹರಡಿತ್ತು. ಬೆಳಿಗ್ಗೆಯ ಬಾಣ ಎಲ್ಲ ನಮ್ಮ ಮನೆ ಕಡೆ, ಮಧ್ಯಾಹ್ನದ್ದು ಶಾಲೆ ಕಡೆ. ಇಂಜಿನಿಯರ್ ಅದನ್ನು ಕೈಗೆ ತೆಗೆದುಕೊಂಡು ಎರಡು ನಿಮಿಷ ನೋಡಿದರು. ಮೂರು ಮೀಟರಿಗೆ ಒಪ್ಪಿದರು. ಎರಡು ವಾರ ಮುಂಚಿನ ಅಳತೆಗೂ ಒಪ್ಪಿದರು. ಕನ್ನಡ ಬೋರ್ಡಿಗೆ ಮಾತ್ರ ನೋಡುವಾ ಅಂದರು.

ಮೂರನೇ ಬೆಂಚು
ಡಿಸೆಂಬರ್ 4, ಸಂಜೆ 4.45

ಬೋರ್ಡು ಬಂತು. ಕನ್ನಡದಲ್ಲಿ, ಮಲಯಾಳದಲ್ಲಿ ಎರಡೂ. ಇವತ್ತು ಮಧ್ಯಾಹ್ನದ ಊಟ ಹೊರಗೆ ಬೇಡ ಅಂತ ಮಕ್ಕಳನ್ನು ಒಳಗೆ ಕೂರಿಸಿದೆ. ಒಂದೂವರೆಗೆ ಶಾಲೆಯ ಬದಿಯ ಮೀಟರ್ ಏರಿತು. ನಾಲ್ಕನೇ ಕ್ಲಾಸಿನ ಒಬ್ಬಳು ಕಿಟಕಿಯಿಂದ ನೋಡಿ, ಟೀಚರೇ ಜೆಸಿಬಿ ನಿಂತಿತು ಅಂದಳು. ಕಿವಿಗೊಟ್ಟೆ. ನಿಜ, ಶಬ್ದ ಇಲ್ಲ. ಅರ್ಧ ಗಂಟೆ ನಿಲ್ಲಿಸಿ, ಟಾರ್ಪಾಲು ಹಾಕಿ, ಆಮೇಲೆ ಆಚೆ ಬದಿಯಲ್ಲಿ ಶುರು ಮಾಡಿದರು. ಆ ಅರ್ಧ ಗಂಟೆಯ ಮೌನದಲ್ಲಿ ನನಗೆ ಅಳು ಬಂತು.

ಹೊಸೂರು ಕಡೆಯವ
ಡಿಸೆಂಬರ್ 4, ರಾತ್ರಿ 10.00

ಟೀಚರ್, ಹೆಂಡತಿಗೆ ಓದಿ ಹೇಳಿದೆ. ನಮ್ಮಲ್ಲೂ ಒಮ್ಮೆ ಹಾಗೆ ನಿಂತಿದ್ದರೆ ಅಂದಳು. ಆ ಗಾಳಿ ಪುಸ್ತಕದ ಒಂದು ಪುಟದ ಫೋಟೋ ಹಾಕಿ. ಇಲ್ಲಿ ತಳಿ ರಸ್ತೆಯ ಕಡೆ ಒಂದು ಶಾಲೆಗೆ ತೋರಿಸಬೇಕು.

ಲೋಡಿಂಗ್ ಕೆಲಸ
ಡಿಸೆಂಬರ್ 6, ರಾತ್ರಿ 8.15

ಇವತ್ತು ಅಲ್ಲಿಗೆ ಹೋಗಿ ನೋಡಿದೆ. ಮಾಸ್ಕ್ ಸರಿಯಾದ್ದೇ ಕೊಟ್ಟಿದ್ದಾರೆ. ಸ್ನಾನಕ್ಕೆ ಎರಡು ಮರೆ ಕಟ್ಟಿದ್ದಾರೆ. ಆದರೆ ಹತ್ತು ಜನಕ್ಕೆ ನೀರಿನ ಒಂದೇ ಡ್ರಮ್ಮು. ನಾಲ್ಕನೆಯವನಿಗೇ ಮುಗಿಯುತ್ತದೆ. ಉಳಿದವರು ಸುಮ್ನೆ ಕೈಕಾಲು ಒರೆಸಿಕೊಂಡು ಹೋಗುತ್ತಾರೆ. ಅವರು ಕೇಳುವುದಿಲ್ಲ, ಕೂಲಿ ಹೋಗುತ್ತದೆ ಅಂತ ಭಯ. ಊರಿನವರೇ ಕೇಳಬೇಕು.

ಪದವಿನ ಕೆಳಗಿನ ಮನೆ
ಡಿಸೆಂಬರ್ 6, ರಾತ್ರಿ 8.40

ನಾಳೆ ಬೆಳಿಗ್ಗೆ ನಮ್ಮ ಬಾವಿಯಿಂದ ಜೀಪಿನಲ್ಲಿ ಎರಡು ಡ್ರಮ್ಮು ಹೋಗುತ್ತದೆ. ತೊಳೆದ ನೀರು ಕಲ್ಲಿಗೆ ಇಳಿಯದ ಹಾಗೆ ಬೇರೆ ಟ್ಯಾಂಕಿನಲ್ಲಿ ಹಿಡಿಯಲೂ ಹೇಳುತ್ತೇನೆ.

ಪದವಿನ ಕೆಳಗಿನ ಮನೆ
ಜನವರಿ 17, ರಾತ್ರಿ 9.10

ಅಗೆತ ಮುಗಿಯಿತು. ಒಟ್ಟು ಆರು ಸಲ ಕೆಲಸ ನಿಂತಿತು, ನಾಲ್ಕು ಸಲ ನಮ್ಮ ಬದಿಯ ಮೀಟರಿಗೆ. ಅಡಿಕೆಯನ್ನು ಈ ವರ್ಷ ಅಂಗಳದಲ್ಲಿ ಹಾಕಲಿಲ್ಲ, ತಂಗಿಯ ಮನೆಗೆ ಸಾಗಿಸಿದೆವು. ಲಾರಿಯ ಕಾಗದದ ಪ್ರತಿ ಎರಡು ಬಂದಿದೆ, ಒಂದು ಬಾಕಿ.

ಗುಂಡಿಯ ತಳದ ಮಣ್ಣಿನ ಸ್ಯಾಂಪಲ್ ಎರಡು ಲ್ಯಾಬಿಗೂ ಹೋಗಿದೆ. ಒಂದರ ವರದಿ ಬಂತು, ಸಲ್ಫೇಟ್ ಇನ್ನೂ ಸ್ವಲ್ಪ ಉಂಟು ಅಂತ. ಇನ್ನೊಂದು ಬಂದಿಲ್ಲ. ಈಗ ಅವರಿಗೆ ಅವಸರ. ಸೋಮವಾರ ಹೊಸ ಮಣ್ಣು ತುಂಬಿಸಿ ಮುಗಿಸುತ್ತೇವೆ ಅನ್ನುತ್ತಾರೆ. ಮೀಟರನ್ನೂ ಅವತ್ತೇ ಕೊಂಡು ಹೋಗುತ್ತಾರಂತೆ.

ಮೀಟರ್ ಕೆಲಸದವ
ಜನವರಿ 17, ರಾತ್ರಿ 9.30

ತುಂಬಲು ಬಿಡಬೇಡಿ. ತಳದ ವರದಿ ಎರಡೂ ಬರಲಿ. ಉಳಿದಿದ್ದರೆ ಇನ್ನೊಂದು ಪದರ ತೆಗೆಯಬೇಕಾಗುತ್ತದೆ, ಆಗ ಮೀಟರ್ ಮತ್ತೆ ಬೇಕು. ಅಲ್ಲಿಯವರೆಗೆ ಗುಂಡಿಗೆ ಟಾರ್ಪಾಲು, ಸುತ್ತ ನೀರು ಬರದ ಹಾಗೆ ದಂಡೆ. ನಾನು ಸೋಮವಾರ ರಜೆ ಹಾಕುತ್ತೇನೆ.

ಸ್ವರ್ಗದ ಬಸ್ಸು
ಜನವರಿ 17, ರಾತ್ರಿ 9.50

ನಾನೂ ಬರುತ್ತೇನೆ. ಹಳೆ ವರದಿಗಳ ಫೈಲು ತರುತ್ತೇನೆ.

ಪದವಿನ ಕೆಳಗಿನ ಮನೆ
ಜನವರಿ 17, ರಾತ್ರಿ 10.05

ಸರಿ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪಂಚಾಯತು ಆಫೀಸಿನ ಎದುರು. ಟೀಚರ್ ಗಾಳಿ ಪುಸ್ತಕ ತರುತ್ತಾರೆ. ಪೆರ್ಲದ ಕಡೆಯಿಂದ ಬರುವವರಿದ್ದರೆ ಇಲ್ಲೇ ಹೇಳಿ, ನಮ್ಮ ಜೀಪಿನಲ್ಲಿ ಇನ್ನೂ ನಾಲ್ಕು ಜನಕ್ಕೆ ಜಾಗ ಉಂಟು.